ಸಂಕ್ರಾಂತಿ ರಜೆ ಮತ್ತು ಹಿಮವಿಲ್ಲದ ಗುಲ್ಮಾರ್ಗ್: 2024ರ ಚಳಿಗಾಲದ ಒಂದು ಪ್ರಕರಣ

2024ರ ಜನವರಿಯಲ್ಲಿ ಎರಡನೇ ಶನಿವಾರ 13ರಂದು ಬಂತು, ಸಂಕ್ರಾಂತಿ 15ರ ಸೋಮವಾರ. ನಡುವೆ ಭಾನುವಾರ. ಒಂದು ದಿನವೂ ರಜೆ ಹಾಕದೆ ಮೂರು ದಿನ ಸಿಗುವ ಇಂಥ ಅವಕಾಶವನ್ನು ಬೆಂಗಳೂರಿನವರು ಬಿಡುವುದಿಲ್ಲ. ಹಿಮ ನೋಡಬೇಕೆಂಬ ಆಸೆಯವರಿಗೆ ಮೊದಲು ನೆನಪಾಗುವ ಹೆಸರು ಗುಲ್ಮಾರ್ಗ್. ಜನವರಿ ಮಧ್ಯಭಾಗವೆಂದರೆ ಕಾಶ್ಮೀರದ ಚಿಲ್ಲೈ ಕಲಾನ್. ಡಿಸೆಂಬರ್ 21ಕ್ಕೆ ಶುರುವಾಗುವ, ಅತಿ ಕಠಿಣ ಚಳಿಯ ನಲವತ್ತು ದಿನಗಳವು. ಆಗ ಹಿಮ ಇಲ್ಲದಿದ್ದರೆ ಇನ್ಯಾವಾಗ ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ವರ್ಷ ಮಾತ್ರ ಅದೇ ದಿನಗಳಲ್ಲಿ ಗುಲ್ಮಾರ್ಗ್‌ನ ಹುಲ್ಲುಗಾವಲು ಕಂದು ಬಣ್ಣದಲ್ಲಿ ಬರಿದಾಗಿ ಬಿದ್ದಿತ್ತು.

ಈ ಬರಹಕ್ಕೆ ಹತ್ತು ಜನರ ಒಂದು ತಂಡವನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ತಂಡ ಲೆಕ್ಕಕ್ಕಾಗಿ ಕಟ್ಟಿಕೊಂಡದ್ದು. ದಿನಾಂಕ, ಹವಾಮಾನ ಎರಡೂ ಆ ವರ್ಷದ್ದೇ. ಯೋಜನೆ ಎಲ್ಲರೂ ಮಾಡುವಂಥದ್ದು: ಅಕ್ಟೋಬರ್‌ನಲ್ಲಿ ಟಿಕೆಟ್, ಶನಿವಾರ ನಸುಕಿಗೆ ಕೆಂಪೇಗೌಡ ವಿಮಾನ ನಿಲ್ದಾಣದಿಂದ ದೆಹಲಿ, ಅಲ್ಲಿಂದ ಶ್ರೀನಗರ, ಎರಡು ರಾತ್ರಿ ಗುಲ್ಮಾರ್ಗ್, ಸೋಮವಾರ ಸಂಜೆ ಅದೇ ದಾರಿಯಲ್ಲಿ ವಾಪಸ್. ಎಲ್ಲವೂ ಮರುಪಾವತಿ ಇಲ್ಲದ ಅಗ್ಗದ ದರದಲ್ಲಿ. ಈ ತಂಡ ಯಾವ ದಿನ ಏನನ್ನು ತಿಳಿದುಕೊಳ್ಳಬಹುದಿತ್ತು, ಯಾವ ಮಾಹಿತಿಗೆ ಎಷ್ಟು ಬೆಲೆ ಕೊಡಬೇಕಿತ್ತು ಎಂಬುದನ್ನು ಹಂತ ಹಂತವಾಗಿ ನೋಡೋಣ.

ಹಿಮ ತರುವುದು ತಿಂಗಳಲ್ಲ, ಅಡಚಣೆ

ಪಶ್ಚಿಮ ಹಿಮಾಲಯದ ಚಳಿಗಾಲದ ಹಿಮವೆಲ್ಲ ಬಹುಪಾಲು ಒಂದೇ ಮೂಲದ್ದು. ಹವಾಮಾನದವರು ಡಬ್ಲ್ಯುಡಿ ಎನ್ನುವ ಪಶ್ಚಿಮದ ಅಡಚಣೆ, ಅಂದರೆ ವೆಸ್ಟರ್ನ್ ಡಿಸ್ಟರ್ಬೆನ್ಸ್. ಮೆಡಿಟರೇನಿಯನ್, ಕ್ಯಾಸ್ಪಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ, ಮೇಲ್ಮಟ್ಟದ ಪಶ್ಚಿಮ ಗಾಳಿಯ ಹರಿವಿನಲ್ಲಿ ಒಂದು ತಗ್ಗಾಗಿ ಇದು ಬರುತ್ತದೆ. ಚಳಿಗಾಲದಲ್ಲಿ ತಿಂಗಳಿಗೆ ಸಾಧಾರಣವಾಗಿ ನಾಲ್ಕರಿಂದ ಆರು ಬರುತ್ತವೆ. ಆದರೆ ಎಲ್ಲವೂ ಹಿಮ ಸುರಿಸುವುದಿಲ್ಲ. ತಗ್ಗು ಆಳವಾಗಿ ದಕ್ಷಿಣಕ್ಕೆ ಇಳಿದರೆ ಅರಬ್ಬಿ ಸಮುದ್ರದ ತೇವವನ್ನೂ ಎಳೆದುಕೊಂಡು ಪರ್ವತಕ್ಕೆ ಬಡಿಯುತ್ತದೆ. ಒಂದೂವರೆ ದಿನದಲ್ಲಿ ಮೊಣಕಾಲುದ್ದ ಹಿಮ ಬೀಳಬಲ್ಲದು. ತಗ್ಗು ಆಳವಿಲ್ಲದೆ ಉತ್ತರಕ್ಕೇ ಸರಿದುಹೋದರೆ ಒಂದಿಷ್ಟು ಮೋಡ, ಎತ್ತರದ ಶಿಖರಗಳ ಮೇಲೆ ನಾಲ್ಕು ಹಳಕು, ಅಷ್ಟೆ.

ಹಾಗಾಗಿ ಒಂದು ತಿಂಗಳ ಹಿಮವೆಂದರೆ ಎರಡು ಅಥವಾ ಮೂರು ಬಲವಾದ ಅಡಚಣೆಗಳ ಫಲ. ಹಿಂಗಾರಿನಲ್ಲಿ ನಾಲ್ಕು ದೊಡ್ಡ ಮಳೆ ತಪ್ಪಿದರೆ ನಮ್ಮ ಕೋಲಾರದ ಕೆರೆಗಳು ಹೇಗೆ ತುಂಬುವುದಿಲ್ಲವೋ, ಅಲ್ಲಿಯೂ ಲೆಕ್ಕ ಹಾಗೆಯೇ. ‘ಜನವರಿಯಲ್ಲಿ ಹಿಮ ಇರುತ್ತದೆ’ ಎಂಬ ಮಾತು ಮೂವತ್ತು ವರ್ಷಗಳ ಸರಾಸರಿಯ ಮಟ್ಟಿಗೆ ನಿಜ, ಒಂದು ನಿರ್ದಿಷ್ಟ ವಾರಾಂತ್ಯದ ಮಟ್ಟಿಗೆ ಅದು ಏನನ್ನೂ ಹೇಳುವುದಿಲ್ಲ.

ಅಕ್ಟೋಬರ್‌ನಲ್ಲಿ ತಿಳಿಯಬಹುದಾಗಿದ್ದದ್ದು

ಟಿಕೆಟ್ ತೆಗೆದಾಗ ಪೆಸಿಫಿಕ್‌ನಲ್ಲಿ ಪ್ರಬಲ ಎಲ್ ನಿನೊ, ಅಂದರೆ ಸಮಭಾಜಕದ ಬಳಿ ಸಮುದ್ರದ ನೀರು ವಾಡಿಕೆಗಿಂತ ಬಿಸಿಯಾಗಿರುವ ಸ್ಥಿತಿ, ಇತ್ತು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಲ್ ನಿನೊ ಚಳಿಗಾಲಗಳಲ್ಲಿ ವಾಯವ್ಯ ಭಾರತದಲ್ಲಿ ಮಳೆ-ಹಿಮ ಸ್ವಲ್ಪ ಹೆಚ್ಚಿರುತ್ತದೆ ಎಂಬುದು ಹಲವು ಸಂಶೋಧನೆಗಳಲ್ಲಿ ಕಂಡ ಒಲವು. ಅದನ್ನು ನಂಬಿ ಟಿಕೆಟ್ ತೆಗೆದವರಿಗೆ ತಮ್ಮ ಪರವಾಗಿ ಒಂದು ವಾದವೂ ಇತ್ತು. ಆಮೇಲೆ ನಡೆದದ್ದು ತಿರುವುಮುರುವು. ಜನವರಿಯ ಮಧ್ಯದಲ್ಲಿ ಭಾರತೀಯ ಹವಾಮಾನ ಇಲಾಖೆ ಒಣ ಹವೆಗೆ ಮೂರು ಕಾರಣ ಕೊಟ್ಟಿತು: ಸಕ್ರಿಯ ಅಡಚಣೆಗಳ ಕೊರತೆ, ಉತ್ತರ ಭಾರತದ ಮೇಲೆ ಸುಮಾರು 12 ಕಿ.ಮೀ. ಎತ್ತರದಲ್ಲಿ ಗಂಟೆಗೆ 250ರಿಂದ 320 ಕಿ.ಮೀ. ವೇಗದ ಜೆಟ್ ಗಾಳಿ, ಮತ್ತು ಅದೇ ಎಲ್ ನಿನೊ. ಯಾವ ಎಲ್ ನಿನೊ ಹೆಚ್ಚು ಹಿಮದ ಭರವಸೆಯಾಗಿತ್ತೋ ಅದೇ ಕೊರತೆಯ ಕಾರಣಗಳ ಪಟ್ಟಿಯಲ್ಲೂ ಬಂತು.

ಇದನ್ನು ಇಲಾಖೆಯ ವೈಫಲ್ಯವೆಂದು ಓದುವುದು ತಪ್ಪು. ಋತುಮಾನದ ಮುನ್ನೋಟ ಮೂರು ತಿಂಗಳು, ಏಳೆಂಟು ಉಪವಿಭಾಗಗಳನ್ನು ಒಟ್ಟು ಸೇರಿಸಿ ‘ವಾಡಿಕೆಗಿಂತ ಹೆಚ್ಚಿರುವ ಸಾಧ್ಯತೆ ಎಷ್ಟು’ ಎಂದು ಹೇಳುತ್ತದೆ. ಜನವರಿ ಪೂರ್ತಿ ಒಣಗಿ ಫೆಬ್ರವರಿಯಲ್ಲಿ ಎಲ್ಲ ಸುರಿದರೂ ಆ ಮುನ್ನೋಟ ಸರಿಯೇ ಆಗಬಹುದು. ಜಮೀನು, ಅಣೆಕಟ್ಟು, ವಿದ್ಯುತ್ ಲೆಕ್ಕ ಹಾಕುವವರಿಗೆ ಅದು ಬೇಕು. ಮೂರು ದಿನದ ಪ್ರವಾಸಕ್ಕೆ ಅದರ ಉಪಯೋಗ ಶೂನ್ಯಕ್ಕೆ ಹತ್ತಿರ. ಅಕ್ಟೋಬರ್‌ನಲ್ಲಿ ತಂಡ ಮಾಡಬಹುದಾಗಿದ್ದ ಒಂದೇ ಬುದ್ಧಿವಂತಿಕೆ ಹಣದ ವಿಚಾರದ್ದು: ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್, ಮೂರು ದಿನ ಮೊದಲು ರದ್ದು ಮಾಡಬಹುದಾದ ಕೋಣೆ. ಹತ್ತು ಜನರಿಗೆ ಆ ಹೆಚ್ಚುವರಿ ದರ ಕಣ್ಣಿಗೆ ಕಾಣುವ ಮೊತ್ತವೇ. ಅದನ್ನು ವಿಮೆಯ ಕಂತು ಎಂದೇ ಎಣಿಸಬೇಕು.

ಡಿಸೆಂಬರ್ ಕೊನೆ: ಮೊದಲ ಗಟ್ಟಿ ಸೂಚನೆ

ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ವಿಸ್ತೃತ ಅವಧಿಯ ಮುನ್ಸೂಚನೆ ಕೊಡುತ್ತದೆ. ಎರಡನೇ ವಾರದವರೆಗೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು, ಮೂರು-ನಾಲ್ಕನೇ ವಾರಗಳನ್ನು ಒಲವೆಂದಷ್ಟೇ ನೋಡಬೇಕು. ಜನವರಿ 13ಕ್ಕೆ ಹೊರಡುವವರು ಓದಬೇಕಿದ್ದದ್ದು ಡಿಸೆಂಬರ್ 28 ಮತ್ತು ಜನವರಿ 4ರ ಗುರುವಾರಗಳ ಪ್ರಕಟಣೆ. ಒಂದು ಪ್ರಕಟಣೆ ಒಂದು ಮಾತು ಹೇಳಿ ಮುಂದಿನದು ಬೇರೆ ಹೇಳಿದರೆ ಕಾಯಬೇಕು. ಎರಡೂ ಒಂದೇ ದಿಕ್ಕು ತೋರಿಸಿದರೆ ನಂಬಬೇಕು.

ಹತ್ತು ದಿನದೊಳಗೆ ಬಂದಮೇಲೆ ನೋಡಬೇಕಾದದ್ದು ಮೊಬೈಲಿನ ಹಿಮದ ಚಿಹ್ನೆಯನ್ನಲ್ಲ, 500 ಹೆಕ್ಟೊಪಾಸ್ಕಲ್ ವಾಯುಒತ್ತಡದ ಮಟ್ಟದ ನಕ್ಷೆಯನ್ನು. ಸುಮಾರು ಐದೂವರೆ ಕಿ.ಮೀ. ಎತ್ತರದ ಗಾಳಿಯ ಚಿತ್ರ ಅದು, ಉಚಿತವಾಗಿ ಸಿಗುತ್ತದೆ. ರೇಖೆಗಳು ಇರಾನ್-ಅಫ್ಘಾನಿಸ್ತಾನದ ಮೇಲೆ ದಕ್ಷಿಣಕ್ಕೆ ಬಳುಕಿ ಇಳಿದಿವೆಯೇ ಎಂದು ನೋಡಿ. ಇಳಿದಿದ್ದರೆ ಒಂದೆರಡು ದಿನದಲ್ಲಿ ಅದು ಕಾಶ್ಮೀರದ ಮೇಲಿರುತ್ತದೆ. ರೇಖೆಗಳು ಪಶ್ಚಿಮದಿಂದ ಪೂರ್ವಕ್ಕೆ ಹೆಚ್ಚು ಬಳುಕದೆ ನೇರ ಹರಿದಿದ್ದರೆ ಹಿಮದ ಮಾತು ಬಿಡಬೇಕು. ನಕ್ಷೆಯ ಸಮಯ ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿ, ಇರುತ್ತದೆ, ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು: 00 ಅಂದರೆ ನಮ್ಮ ಬೆಳಗಿನ 5:30, 12 ಅಂದರೆ ಸಂಜೆ 5:30.

ಹವಾಮಾನವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕಹಾಕುವ ಒಂದೇ ಮಾದರಿಯ ಒಂದೇ ಓಟ ನೋಡಿ ತೀರ್ಮಾನಿಸುವುದು ಅತಿ ಸಾಮಾನ್ಯವಾದ ತಪ್ಪು. ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರ ಪ್ರತಿ ಓಟದಲ್ಲೂ ಆರಂಭದ ಸ್ಥಿತಿಯನ್ನು ಚೂರುಚೂರು ಬದಲಿಸಿ 51 ಆವೃತ್ತಿಗಳನ್ನು ಓಡಿಸುತ್ತದೆ, ಅಮೆರಿಕದ ಗುಂಪು ಮಾದರಿ 31. ಎಂಟು ದಿನ ಮುಂಚೆ 51ರಲ್ಲಿ 6 ಮಾತ್ರ ಹಿಮ ತೋರಿಸಿ, ಮರುದಿನ ಅದು 4ಕ್ಕೆ ಇಳಿದರೆ ಆಸೆ ಬಿಡಿ. ಮೊದಲ ದಿನ 6, ಮರುದಿನ 15, ಮೂರನೇ ದಿನ 30 ಆಗುತ್ತಿದ್ದರೆ ಚೀಲ ಕಟ್ಟಿ. ಸಂಖ್ಯೆಗಿಂತ ಅದು ಯಾವ ಕಡೆ ಸರಿಯುತ್ತಿದೆ ಎಂಬುದು ಮುಖ್ಯ.

ದೆಹಲಿಯ ಮಂಜು ಕೂಡ ಅದೇ ಸುದ್ದಿ

ಈ ಪ್ರಕರಣದಲ್ಲಿ ನಮಗೆ ಅತಿ ಮುಖ್ಯವಾಗಿ ಕಾಣುವ ಅಂಶ ಇದು. ಬೆಂಗಳೂರಿನವರು ಹಿಮಕ್ಕೆ ಕಾಶ್ಮೀರದ ಮುನ್ಸೂಚನೆ ನೋಡುತ್ತಾರೆ, ವಿಮಾನಕ್ಕೆ ದೆಹಲಿಯದನ್ನು, ಎರಡನ್ನೂ ಬೇರೆ ಬೇರೆ ವಿಷಯ ಎಂಬಂತೆ. ಅವು ಬೇರೆಯಲ್ಲ. ಬಲವಾದ ಅಡಚಣೆ ಬಂದಾಗ ಬಯಲಿನಲ್ಲಿ ಗಾಳಿ ಬೀಸಿ ಕೆಳಮಟ್ಟದ ಹವೆ ಕಲಕಿ ಮಂಜು ಚದುರುತ್ತದೆ. ಅಡಚಣೆಯೇ ಬಾರದಿದ್ದರೆ ಗಂಗಾ ಬಯಲಿನಲ್ಲಿ ಗಾಳಿ ನಿಲ್ಲುತ್ತದೆ, ರಾತ್ರಿ ಆಕಾಶ ಶುಭ್ರವಾಗಿ ನೆಲ ತಣ್ಣಗಾಗುತ್ತದೆ, ತಣ್ಣನೆಯ ತೇವದ ಹವೆಯ ಮೇಲೆ ಬೆಚ್ಚನೆಯ ಹವೆ ಮುಚ್ಚಳ ಹಾಕುತ್ತದೆ. ಮಂಜು ವಾರಗಟ್ಟಲೆ ಕೂರುತ್ತದೆ.

ಆ ಸಂಕ್ರಾಂತಿಯಲ್ಲಿ ಆದದ್ದು ಇದೇ. ಜನವರಿ 14 ಮತ್ತು 15ರ ಬೆಳಗಿನ ಜಾವ ದೆಹಲಿಯ ಪಾಲಂ ವಿಮಾನ ನಿಲ್ದಾಣದಲ್ಲಿ ಗೋಚರತೆ ಶೂನ್ಯಕ್ಕೆ ಇಳಿಯಿತು. ನೂರಾರು ವಿಮಾನಗಳು ತಡವಾದವು, ಹಲವು ರದ್ದಾದವು. ಕ್ಯಾಟ್-3 ವ್ಯವಸ್ಥೆಯಲ್ಲಿ ತೀರ ಕಡಿಮೆ ಗೋಚರತೆಯಲ್ಲೂ ಇಳಿಯಬಹುದು, ಆದರೆ ಅದಕ್ಕೆ ರನ್‌ವೇ, ವಿಮಾನ, ಪೈಲಟ್ ಮೂವರಿಗೂ ಅರ್ಹತೆ ಬೇಕು. ಒಂದು ತಪ್ಪಿದರೂ ವಿಮಾನ ಬೇರೆ ಊರಿಗೆ. ಸೋಮವಾರ ಬೆಳಗಿನ ಗೊಂದಲ ಸಂಜೆಯ ವಿಮಾನದವರೆಗೂ ಸಾಲಾಗಿ ಹರಿಯುತ್ತದೆ, ಏಕೆಂದರೆ ಸಂಜೆ ಬೆಂಗಳೂರಿಗೆ ಹೊರಡಬೇಕಾದ ವಿಮಾನ ಬೆಳಿಗ್ಗೆ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತದೆ. ನಮ್ಮ ಮಾದರಿ ತಂಡಕ್ಕೆ ಹಿಮವೂ ಇಲ್ಲ, ಮಂಗಳವಾರ ಬೆಳಿಗ್ಗೆ ಆಫೀಸೂ ಇಲ್ಲ.

ಲೆಕ್ಕ ಹೀಗಿಟ್ಟುಕೊಳ್ಳಿ: ಉತ್ತರ ಪ್ರದೇಶ, ದೆಹಲಿ, ಪಂಜಾಬಿನಲ್ಲಿ ವಾರದಿಂದ ಬೆಳಗಿನ ದಟ್ಟ ಮಂಜು, ಹಗಲಲ್ಲೂ ಚಳಿ, ಮುಂದಿನ ಐದು ದಿನವೂ ಅದೇ ಎಂದು ಸುದ್ದಿ ಬರುತ್ತಿದ್ದರೆ ಪರ್ವತದಲ್ಲಿ ಹಿಮ ಬೀಳುತ್ತಿಲ್ಲ ಎಂದೇ ಬಹುಮಟ್ಟಿಗೆ ತಿಳಿಯಬಹುದು. ಅಂಥ ದಿನಗಳಲ್ಲಿ ಹೋಗಲೇಬೇಕಾದರೆ ದೆಹಲಿಯಲ್ಲಿ ವಿಮಾನ ಬದಲಿಸುವ ಸಮಯವನ್ನು ಬೆಳಗಿನ ಹತ್ತರ ನಂತರಕ್ಕೆ ಇಡಿ. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಯಾರದೂ ಅಲ್ಲ.

ಮನಾಲಿಗೆ ಬದಲಿಸಿದ್ದರೆ?

ಪ್ರಯೋಜನವಿರಲಿಲ್ಲ. ಗುಲ್ಮಾರ್ಗ್, ಸೋನಾಮಾರ್ಗ್, ಮನಾಲಿ, ಔಲಿ ಎಲ್ಲಕ್ಕೂ ಹಿಮ ತರುವುದು ಅದೇ ಅಡಚಣೆಗಳು. ಒಂದು ಅಡಚಣೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಸುರಿಸಬಹುದು, ಆದರೆ ಅಡಚಣೆಯೇ ಇಲ್ಲದ ತಿಂಗಳಲ್ಲಿ ಎಲ್ಲವೂ ಒಟ್ಟಿಗೆ ಒಣಗುತ್ತವೆ. ಆ ಜನವರಿ ವಾಯವ್ಯ ಭಾರತಕ್ಕೆ 1901ರಿಂದೀಚೆಗೆ ಎರಡನೇ ಅತಿ ಒಣ ಜನವರಿ. ಇಡೀ ತಿಂಗಳ ಸರಾಸರಿ ಮಳೆ 3.1 ಮಿ.ಮೀ. ಊರು ಬದಲಿಸಿದರೆ ಸಿಗದ ಹಿಮ ದಿನಾಂಕ ಬದಲಿಸಿದರೆ ಸಿಗುತ್ತಿತ್ತು.

ಬೆಂಗಳೂರಿನಲ್ಲಿ ಕೂತೇ ನೆಲ ನೋಡುವುದು

ಹಿಮ ಇದೆಯೇ ಎಂದು ಹೋಟೆಲಿಗೆ ಫೋನ್ ಮಾಡಿದರೆ ‘ಮೇಲೆ ಇದೆ ಸಾರ್’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಗುಲ್ಮಾರ್ಗ್ ಸುಮಾರು 2,650 ಮೀಟರ್, ಗೊಂಡೊಲಾದ (ಅಲ್ಲಿನ ರೋಪ್‌ವೇ) ಮೊದಲ ಹಂತ ಕೊಂಗ್‌ದೂರಿ ಸುಮಾರು 3,100 ಮೀಟರ್, ಎರಡನೇ ಹಂತ ಅಫರ್ವಟ್ ಸುಮಾರು 3,950. ಕೆಳಗೆ ಹುಲ್ಲು ಕಾಣುವಾಗಲೂ ಅಫರ್ವಟ್‌ನ ನೆರಳಿನ ಇಳಿಜಾರಿನಲ್ಲಿ ತೆಳು ಹಿಮ ಇರಬಹುದು. ಆದರೆ ಮಕ್ಕಳು ಆಡುವ ಬಯಲು, ಸ್ಕೀ ಕಲಿಯುವವರ ಇಳಿಜಾರು ಎಲ್ಲ ಇರುವುದು ಕೆಳಗೆ.

ಇದನ್ನು ತಾವೇ ನೋಡಿಕೊಳ್ಳಲು ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿವೆ. 10 ಮೀಟರ್ ಸ್ಪಷ್ಟತೆ, ಐದು ದಿನಕ್ಕೊಮ್ಮೆ ಹೊಸ ಚಿತ್ರ, ಕೊಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಉಚಿತ. ಸಾಧಾರಣ ಬಣ್ಣದ ಚಿತ್ರದಲ್ಲಿ ಮೋಡವೂ ಬಿಳಿ, ಹಿಮವೂ ಬಿಳಿ. ಕಿರುಅಲೆಯ ಅತಿಗೆಂಪು ಪಟ್ಟಿ ಸೇರಿದ ಚಿತ್ರ ಆರಿಸಿಕೊಂಡರೆ ಬೇರ್ಪಡುತ್ತವೆ: ಹಿಮ ಆ ಪಟ್ಟಿಯ ಬೆಳಕನ್ನು ಹೀರಿಕೊಳ್ಳುತ್ತದೆ, ಮೋಡ ಪ್ರತಿಫಲಿಸುತ್ತದೆ. ಈ ವ್ಯತ್ಯಾಸವನ್ನೇ ಅಂಕಿಯಾಗಿ ಅಳೆಯುವ ಹಿಮಸೂಚ್ಯಂಕದ (ಎನ್‌ಡಿಎಸ್‌ಐ) ಪದರ ಹಾಕಿ 0.4ಕ್ಕಿಂತ ಹೆಚ್ಚಿರುವ ಜಾಗವೆಲ್ಲ ಹಿಮ ಎಂದುಕೊಳ್ಳಬಹುದು, ದಟ್ಟ ಕಾಡಿನ ಕೆಳಗಿನದು ಮಾತ್ರ ತಪ್ಪಿಹೋಗುತ್ತದೆ. ದಿನವೂ ಬೇಕಾದರೆ ನಾಸಾ ವರ್ಲ್ಡ್‌ವ್ಯೂನ ಮೋಡಿಸ್ ಚಿತ್ರ, 250 ಮೀಟರ್ ಸ್ಪಷ್ಟತೆಯದು, ಸಾಕು. ಜನವರಿ ಮೊದಲ ವಾರದ ಚಿತ್ರವನ್ನು ಹಿಂದಿನ ವರ್ಷದ ಅದೇ ವಾರದ್ದರ ಪಕ್ಕ ಇಟ್ಟು ನೋಡಿದ್ದರೆ ಹತ್ತು ನಿಮಿಷದಲ್ಲಿ ತಂಡದ ಪ್ರಶ್ನೆ ಬಗೆಹರಿಯುತ್ತಿತ್ತು.

ಉಷ್ಣಾಂಶದ ಲೆಕ್ಕ ಎಲ್ಲಿ ಕೆಡುತ್ತದೆ

ಮೊಬೈಲ್ ಆ್ಯಪ್ ಗುಲ್ಮಾರ್ಗ್‌ಗೆ ಮಳೆ ಎನ್ನುತ್ತದೆ, ಹೋದವರಿಗೆ ಹಿಮ ಸಿಗುತ್ತದೆ, ಕೆಲವೊಮ್ಮೆ ಉಲ್ಟಾ. ಮಾದರಿಯ ಚೌಕಗಳು 9ರಿಂದ 25 ಕಿ.ಮೀ. ಅಗಲ. ಅಂಥ ಒಂದು ಚೌಕದಲ್ಲಿ ಕಣಿವೆಯೂ ಶಿಖರವೂ ಸೇರಿ ಸರಾಸರಿ ಎತ್ತರ ಬರುತ್ತದೆ. ಆದ್ದರಿಂದ ಆ್ಯಪ್‌ನ ಚಿಹ್ನೆ ಬಿಟ್ಟು ಶೂನ್ಯ ಡಿಗ್ರಿ ಮಟ್ಟದ ಎತ್ತರ ಹುಡುಕಿ, ಅದಕ್ಕಿಂತ ಸುಮಾರು 300 ಮೀಟರ್ ಕೆಳಗಿನವರೆಗೆ ಹಿಮವೇ ಬೀಳುತ್ತದೆ ಎಂದು ಹಿಡಿಯಿರಿ. ಶೂನ್ಯ ಮಟ್ಟ 2,200 ಮೀಟರ್ ಎಂದಿದ್ದರೆ 1,900ರವರೆಗೆ ಹಿಮ: ಗುಲ್ಮಾರ್ಗ್‌ಗೂ ಅದರ ಕೆಳಗಿನ ತಂಗ್‌ಮಾರ್ಗ್‌ಗೂ ಹಿಮ, 1,585 ಮೀಟರಿನ ಶ್ರೀನಗರಕ್ಕೆ ಮಳೆ.

ಶ್ರೀನಗರದ ಉಷ್ಣಾಂಶ ತೆಗೆದುಕೊಂಡು ಪ್ರತಿ ಕಿಲೋಮೀಟರಿಗೆ 6.5 ಡಿಗ್ರಿ ಕಳೆಯುವ ಪದ್ಧತಿಯೂ ಇದೆ. ಅಡಚಣೆ ಬಂದು ಹವೆ ಕಲಕಿರುವಾಗ ಅದು ಚೆನ್ನಾಗಿ ಹೊಂದುತ್ತದೆ. ಶ್ರೀನಗರದಲ್ಲಿ ಮಳೆ ಬೀಳುತ್ತ 5 ಡಿಗ್ರಿ ಇದ್ದರೆ ಗುಲ್ಮಾರ್ಗ್‌ನಲ್ಲಿ ಮೈನಸ್ 2. ಆದರೆ ಒಣ, ಶುಭ್ರ ರಾತ್ರಿಗಳಲ್ಲಿ ತಣ್ಣನೆಯ ಭಾರದ ಹವೆ ಕಣಿವೆಗೆ ಇಳಿದು ನಿಲ್ಲುವುದರಿಂದ ಶ್ರೀನಗರವೇ ಹೆಚ್ಚು ಕೊರೆಯಬಹುದು. ಆ ಜನವರಿಯಲ್ಲಿ ‘ದಾಲ್ ಸರೋವರದ ಅಂಚು ಹೆಪ್ಪುಗಟ್ಟಿದೆ, ಅಂದಮೇಲೆ ಮೇಲೆ ಹಿಮ ಇದ್ದೇ ಇರುತ್ತದೆ’ ಎಂದುಕೊಂಡವರು ಈ ಕಡೆಯಿಂದ ಮೋಸಹೋದರು. ಚಳಿ ಬೇರೆ, ಹಿಮ ಬೇರೆ. ಮೋಡವಿಲ್ಲದ ರಾತ್ರಿಯೇ ಹೆಚ್ಚು ಚಳಿ.

ಎಷ್ಟು ಹಿಮ ಎಂಬ ಪ್ರಶ್ನೆಗೆ: ಮುನ್ಸೂಚನೆಯ ಮಿಲಿಮೀಟರ್ ಎಂದರೆ ಕರಗಿದ ನೀರಿನ ಅಳತೆ. ಸ್ಥೂಲವಾಗಿ 10 ಮಿ.ಮೀ. ನೀರು 10 ಸೆಂ.ಮೀ. ಹಿಮ. ಶೂನ್ಯದ ಹತ್ತಿರ ಬೀಳುವ ಒದ್ದೆ ಹಿಮ ಆರೇಳು ಸೆಂ.ಮೀ. ಮಾತ್ರ, ಮೈನಸ್ 8ರ ಒಣ ಪುಡಿ ಹಿಮ 15ರವರೆಗೂ ಹೋಗುತ್ತದೆ. 5 ಮಿ.ಮೀ. ಮುನ್ಸೂಚನೆ ನಂಬಿ ಜಾರುಬಂಡಿ ಆಡಲು ಹೋಗಬಾರದು. ಬರಿ ನೆಲದ ಮೇಲೆ ಬಿದ್ದ ಐದು ಸೆಂ.ಮೀ. ಮರುದಿನ ಮಧ್ಯಾಹ್ನದ ಬಿಸಿಲಿಗೆ ನಿಲ್ಲುವುದಿಲ್ಲ.

ಹಿಮ ಬಂದಮೇಲೆ ಬೇರೆಯದೇ ಸಮಸ್ಯೆ

ಜನವರಿಯ ಕೊನೆಯ ವಾರದಲ್ಲಿ ಅಡಚಣೆಗಳು ಮತ್ತೆ ಸಕ್ರಿಯವಾದವು. ಗಣರಾಜ್ಯೋತ್ಸವದ ಶುಕ್ರವಾರ-ಶನಿವಾರ-ಭಾನುವಾರಕ್ಕೆ ಹೋದವರಿಗೆ ಆರಂಭದ ಹಿಮ ಸಿಕ್ಕಿತು, ತಿಂಗಳು ಮುಗಿಯುವ ಹೊತ್ತಿಗೆ ಜೋರಾಯಿತು. ಫೆಬ್ರವರಿಯ ಮೊದಲ ವಾರದಲ್ಲಿ ಶ್ರೀನಗರದಲ್ಲೇ ಹಿಮ ಬಿದ್ದು ವಿಮಾನಗಳು ರದ್ದಾದವು. ಫೆಬ್ರವರಿ ಮೂರನೇ ವಾರ ಮತ್ತೊಂದು ಭಾರೀ ಸುತ್ತು. 21ರಿಂದ 25ರವರೆಗೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಗುಲ್ಮಾರ್ಗ್‌ನಲ್ಲೇ ನಡೆದವು. ಕಾಶ್ಮೀರಿ ಲೆಕ್ಕದಲ್ಲಿ ಅದು ಚಿಲ್ಲೈ ಕಲಾನ್ ಮುಗಿದು, ಇಪ್ಪತ್ತು ದಿನದ ಚಿಲ್ಲೈ ಖುರ್ದ್ ಕೂಡ ದಾಟಿ, ಹತ್ತು ದಿನದ ಚಿಲ್ಲೈ ಬಚ್ಚಾ ಶುರುವಾದ ಸಮಯ.

ಅದೇ ಫೆಬ್ರವರಿ 22ರಂದು ಗುಲ್ಮಾರ್ಗ್ ಮೇಲಿನ ಖಿಲನ್‌ಮಾರ್ಗ್ ಕಡೆ ಹಿಮ ಕುಸಿದು ವಿದೇಶಿ ಸ್ಕೀಯರ್ ಒಬ್ಬರು ಸತ್ತರು. ಒಣ ಜನವರಿಗೂ ಇಂಥ ಕುಸಿತಕ್ಕೂ ಸಾಮಾನ್ಯವಾಗಿ ಇರುವ ನಂಟನ್ನು ತಿಳಿದಿರಬೇಕು. ಎತ್ತರದಲ್ಲಿ ತೆಳು ಹಿಮದ ಹಾಸು ವಾರಗಟ್ಟಲೆ ಶುಭ್ರ ರಾತ್ರಿಗಳಿಗೆ ಒಡ್ಡಿಕೊಂಡರೆ, ನೆಲದ ಬಳಿ ಶೂನ್ಯ ಡಿಗ್ರಿ, ಮೇಲ್ಮೈಯಲ್ಲಿ ಮೈನಸ್ 10-15 ಇರುತ್ತದೆ. ಪ್ರತಿ 10 ಸೆಂ.ಮೀ.ಗೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದಾಗ ಹಿಮದ ಕಣಗಳು ಒಂದಕ್ಕೊಂದು ಅಂಟದ ಸಕ್ಕರೆಯಂಥ ಹರಳುಗಳಾಗುತ್ತವೆ. ಆಮೇಲೆ ಅದರ ಮೇಲೆ ಒಂದೇ ಸಲ ಮೀಟರ್‌ಗಟ್ಟಲೆ ಭಾರ ಬಿದ್ದರೆ ಅಡಿಯ ಪದರ ತಾಳುವುದಿಲ್ಲ. 30ರಿಂದ 45 ಡಿಗ್ರಿ ಇಳಿಜಾರು, ಭಾರೀ ಹಿಮದ ನಂತರದ ಮೊದಲ ಒಂದೆರಡು ದಿನ, ಜೊತೆಗೆ ಗಾಳಿ: ಹೆಚ್ಚಿನ ಅಪಾಯ ಇಲ್ಲಿದೆ. ಹಿಮ ತಡವಾಗಿ ಬಂದ ವರ್ಷದಲ್ಲಿ ಅಪಾಯದ ದಿನಗಳು ಇನ್ನೂ ಉದ್ದ. ಚಂಡೀಗಢದ ರಕ್ಷಣಾ ಸಂಸ್ಥೆ ಡಿಜಿಆರ್‌ಇ ಜಿಲ್ಲಾವಾರು ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ. ಐದು ಹಂತಗಳಲ್ಲಿ ಮೂರಕ್ಕೆ ಏರಿದ್ದರೆ ಗುರುತು ಹಾಕಿದ ಸ್ಕೀ ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಹೋಗಬೇಡಿ, ಮಾರ್ಗದರ್ಶಿ ಎಷ್ಟೇ ಧೈರ್ಯ ಹೇಳಿದರೂ. ಪ್ರವಾಸಿಗರ ಬಯಲಿನಲ್ಲಿ ಆಡುವವರಿಗೆ ಈ ಭಯ ಇಲ್ಲ.

ಇದೇ ತಂಡ ಹೀಗೆ ಯೋಜಿಸಿದ್ದರೆ

ಫೆಬ್ರವರಿ 10ರಿಂದ 28ರ ನಡುವೆ ಎರಡು ದಿನಾಂಕ ಇಟ್ಟುಕೊಳ್ಳಬೇಕಿತ್ತು. ಅಷ್ಟು ಹೊತ್ತಿಗೆ ಡಿಸೆಂಬರ್‌ನಿಂದ ಬಂದ ಎಲ್ಲ ಅಡಚಣೆಗಳ ಹಿಮ ನೆಲದಲ್ಲಿ ಸೇರಿರುತ್ತದೆ, ಒಂದು ವಾರ ಒಣಗಿದರೂ ಹಾಸು ಉಳಿಯುತ್ತದೆ. ಮೂರು ದಿನದ ಬದಲು ಐದು ದಿನ ಬೇಕು. ಮೊದಲ ರಾತ್ರಿ ಶ್ರೀನಗರ, ನಡುವಿನ ಎರಡು ರಾತ್ರಿ ಗುಲ್ಮಾರ್ಗ್, ಕೊನೆಯ ರಾತ್ರಿ ಮತ್ತೆ ಶ್ರೀನಗರ. ಕೊನೆಯ ರಾತ್ರಿಯನ್ನು ಗುಲ್ಮಾರ್ಗ್‌ನಲ್ಲೇ ಉಳಿಸಿಕೊಂಡವರು ವಿಮಾನ ತಪ್ಪಿಸಿಕೊಳ್ಳುತ್ತಾರೆ: ಭಾರೀ ಹಿಮ ಬಿದ್ದರೆ ತಂಗ್‌ಮಾರ್ಗ್‌ನಿಂದ ಮೇಲಿನ 13 ಕಿ.ಮೀ. ರಸ್ತೆಯಲ್ಲಿ ಚಕ್ರಕ್ಕೆ ಸರಪಳಿ ಹಾಕಿದ ವಾಹನ ಅಥವಾ ಫೋರ್ ಬೈ ಫೋರ್ ಮಾತ್ರ ಓಡಾಡುತ್ತವೆ, ಹತ್ತು ಜನಕ್ಕೆ ಅಂಥ ಎರಡು ಗಾಡಿ ಆ ಬೆಳಿಗ್ಗೆ ಸಿಗುವುದು ಕಷ್ಟ.

ಗೊಂಡೊಲಾ ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆಯಬೇಕು. ಎರಡನೇ ಹಂತ ಗಾಳಿ ಜೋರಾದರೆ ನಿಲ್ಲುತ್ತದೆ, ಆದ್ದರಿಂದ ಅದನ್ನು ಮೊದಲ ದಿನಕ್ಕೇ ಇಟ್ಟರೆ ನಿಂತಾಗ ಮರುದಿನದ ಅವಕಾಶ ಉಳಿಯುತ್ತದೆ. ಹೊರಡುವ ಹತ್ತು ದಿನ ಮೊದಲು 500 ಹೆಕ್ಟೊಪಾಸ್ಕಲ್ ನಕ್ಷೆ, ಏಳು ದಿನಕ್ಕೆ ಗುಂಪು ಮಾದರಿಯ ಎಣಿಕೆ ಮತ್ತು ಇತ್ತೀಚಿನ ಸೆಂಟಿನೆಲ್ ಚಿತ್ರ, ಐದು ದಿನಕ್ಕೆ ತೀರ್ಮಾನ. ಮೂರನೇ ದಿನದಿಂದ ಶ್ರೀನಗರ ಹವಾಮಾನ ಕೇಂದ್ರದ ಬಣ್ಣದ ಎಚ್ಚರಿಕೆ. ಗುಲ್ಮಾರ್ಗ್ ತಲುಪುವ ದಿನ ಕಿತ್ತಳೆ ಅಥವಾ ಕೆಂಪು ಇದ್ದರೆ ಒಂದು ದಿನ ಶ್ರೀನಗರದಲ್ಲೇ ಉಳಿದು ಮರುದಿನ ಮೇಲೆ ಹೋಗುವುದು. ಸುರಿದು ನಿಂತ ಮರುದಿನವೇ ಹಿಮ ನೋಡಲು ಅತ್ಯುತ್ತಮ ದಿನ, ರಸ್ತೆ ತೆರವು ಮಾಡುವವರು ಮಧ್ಯಾಹ್ನದೊಳಗೆ ದಾರಿ ಮಾಡಿರುತ್ತಾರೆ.

ಶನಿವಾರ, ಭಾನುವಾರ ಬಿಟ್ಟು ಆಫೀಸಿನಲ್ಲಿ ಕೇಳಬೇಕಾದ ರಜೆ ಮೂರು ದಿನದ್ದಲ್ಲ, ನಾಲ್ಕು ದಿನದ್ದು. ನಾಲ್ಕನೆಯದು ವಾಪಸಾತಿಯ ವಿಮಾನ ರದ್ದಾದರೆ ಬೇಕಾಗುವ ದಿನ. ಅದನ್ನು ಮೊದಲೇ ಬರೆದುಕೊಟ್ಟು ಹೋಗಿ.